ಒಳಹರಿವು ಹೇಳಿದಿರಿ, ಹೊರಹರಿವು ಎಲ್ಲಿ?

ಹವಾಮಾನ, ವಿದ್ಯುತ್ತು, ಇಂಧನ ಎಂದು ಬರುವ ಪತ್ರಗಳಲ್ಲಿ ಅರ್ಧದಷ್ಟು ಒಂದೇ ಫಾರ್ವರ್ಡಿನ ನಕಲುಗಳು. "ಇದು ನಿಜವೇ?" ಎಂದು ಕೇಳುವವರು ಕಡಿಮೆ. "ಕಳಿಸಿದವರ ಬಾಯಿ ಮುಚ್ಚಿಸಲು ಏನು ಹೇಳಲಿ?" ಎನ್ನುವವರೇ ಹೆಚ್ಚು. ಬಾಯಿ ಮುಚ್ಚಿಸುವ ವಿದ್ಯೆ ನನಗೆ ಗೊತ್ತಿಲ್ಲ, ಲೆಕ್ಕ ಹೇಳಬಲ್ಲೆ. ಹಸಿರುಮನೆ ಪರಿಣಾಮ ಎಂದರೇನು ಎಂಬುದು ಹೈಸ್ಕೂಲು ಪಠ್ಯದಲ್ಲೇ ಇದೆ, ಅದನ್ನಿಲ್ಲಿ ಮತ್ತೆ ಬರೆಯುವುದಿಲ್ಲ.

ಪ್ರಶ್ನೆ: ನಮ್ಮ ಮನೆತನದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ದೊಡ್ಡಪ್ಪನ ಮಗ (ಅವರೂ ಎಂಜಿನಿಯರೇ) ವಾರಕ್ಕೊಮ್ಮೆ ಇದನ್ನು ಹಾಕುತ್ತಾರೆ: "ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದೇ 0.04 ಪರ್ಸೆಂಟ್. ವರ್ಷವರ್ಷ ಹೊರಬೀಳುವುದರಲ್ಲಿ 97 ಪರ್ಸೆಂಟ್ ಪ್ರಕೃತಿಯದು, ಮನುಷ್ಯರದು ಬರೀ 3. ಇಷ್ಟಕ್ಕೆ ಭೂಮಿ ಬಿಸಿಯಾಗುತ್ತದೆಯೇ?" ಒಂದೇ ಏಟಿನ ಉತ್ತರ ಕೊಡಿ. — ಶಿವಮೊಗ್ಗದ ಓದುಗರು

ಒಂದೇ ಏಟಿನ ಉತ್ತರ ಕೊಡಲು ಹೋಗಿಯೇ ನಿಮ್ಮಂಥವರು ಸೋಲುವುದು. ಅಲ್ಲಿರುವುದು ಎರಡು ಬೇರೆ ಬೇರೆ ಮಾತು. ಎರಡಕ್ಕೂ ಒಟ್ಟಿಗೆ ಉತ್ತರಿಸಿದರೆ ಅವರು ಒಂದರಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತಾರೆ. ಮೊದಲು 97-3ರ ಮಾತು ಹಿಡಿಯಿರಿ, ಅದು ಇತ್ಯರ್ಥವಾಗುವವರೆಗೆ 0.04ರ ಕಡೆ ತಿರುಗಿಯೂ ನೋಡಬೇಡಿ.

"97-3 ಸುಳ್ಳು" ಎಂದು ಶುರು ಮಾಡುವುದು ಎರಡನೇ ತಪ್ಪು. ಆ ಅಂಕಿ ಪೂರ್ತಿ ಸುಳ್ಳೇನಲ್ಲ. ಈಗಿನ ಲೆಕ್ಕದಲ್ಲಿ ನಮ್ಮ ಪಾಲು ಶೇ 3 ಹೋಗಿ 5ರ ಹತ್ತಿರ ಬಂದಿದೆ, ಅಷ್ಟೇ. ಮೋಸ ಇರುವುದು ಖಾತೆಯ ಒಂದೇ ಪುಟ ತೋರಿಸಿದ್ದರಲ್ಲಿ.

ಮಳೆಗಾಲದಲ್ಲಿ ಪತ್ರಿಕೆಗಳು ಕೆಆರ್‌ಎಸ್ ಜಲಾಶಯದ ಲೆಕ್ಕ ಕೊಡುತ್ತವಲ್ಲ: ಒಳಹರಿವು ಇಷ್ಟು, ಹೊರಹರಿವು ಇಷ್ಟು, ಇಂದಿನ ಮಟ್ಟ ಇಷ್ಟು ಅಡಿ. ಒಳಹರಿವನ್ನಷ್ಟೇ ಓದಿ ಅಣೆಕಟ್ಟು ತುಂಬುತ್ತದೋ ಇಲ್ಲವೋ ಎಂದು ಮಂಡ್ಯದ ಯಾವ ರೈತರೂ ಹೇಳುವುದಿಲ್ಲ. ವಾತಾವರಣದ ಲೆಕ್ಕವೂ ಹಾಗೆಯೇ: ಗಾಳಿಗೆ ಸೇರುವುದು ಒಳಹರಿವು, ಗಾಳಿಯಿಂದ ಹೀರಿಹೋಗುವುದು ಹೊರಹರಿವು. ಗಿಡಮರ, ಮಣ್ಣು, ಸಮುದ್ರ ಸೇರಿ ವರ್ಷಕ್ಕೆ ಸುಮಾರು 75,000 ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಡುತ್ತವೆ. ಅಷ್ಟನ್ನೂ, ಅದಕ್ಕಿಂತ ತುಸು ಹೆಚ್ಚನ್ನೂ, ವಾಪಸ್ ಹೀರುತ್ತವೆ. ಫಾರ್ವರ್ಡ್ ಮಾಡುವವರು ಈ ವಾಪಸ್ ಹೀರುವ ಸಾಲನ್ನೇ ಕತ್ತರಿಸಿರುತ್ತಾರೆ. ನಾವು ಕಲ್ಲಿದ್ದಲು, ಎಣ್ಣೆ, ಅನಿಲ ಸುಟ್ಟು, ಸಿಮೆಂಟು ಮಾಡಿ ಸುಮಾರು 3,700 ಕೋಟಿ ಟನ್, ಕಾಡು ಕಡಿದು ಇನ್ನೊಂದು 400 ಕೋಟಿ ಟನ್ ಸೇರಿಸುತ್ತೇವೆ. ಹೀರುವ ಸಾಲಿನಲ್ಲಿ ನಮ್ಮ ಹೆಸರಿನಲ್ಲಿ ಏನೂ ಇಲ್ಲ.

ಇನ್ನು ಜಲಾಶಯದ ಮಟ್ಟ. ಹವಾಯಿಯ ಮೌನಾ ಲೋವಾದಲ್ಲಿ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯಲು ಶುರು ಮಾಡಿದ್ದು 1958ರಲ್ಲಿ, ಆಗ 315 ಪಿಪಿಎಂ (ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 315). 2024ರ ಸರಾಸರಿ ಸುಮಾರು 424. ಈಚಿನ ವರ್ಷಗಳಲ್ಲಿ ಏರಿಕೆ ವರ್ಷಕ್ಕೆ ಸುಮಾರು 2.5 ಪಿಪಿಎಂ. 1 ಪಿಪಿಎಂ ಎಂದರೆ 780 ಕೋಟಿ ಟನ್. ಗುಣಿಸಿದರೆ 1,950 ಕೋಟಿ ಟನ್.

ನಾವು ಹಾಕಿದ್ದು 4,100, ಗಾಳಿಯಲ್ಲಿ ಉಳಿದದ್ದು 1,950. ಮಿಕ್ಕ 2,150 ಹೋದದ್ದು ಕಾಡಿಗೆ ಮತ್ತು ಸಮುದ್ರಕ್ಕೆ. ಅಂದರೆ ಪ್ರಕೃತಿ ಒಟ್ಟಾರೆ ಬಿಡುತ್ತಿಲ್ಲ, ಹೀರುತ್ತಿದೆ. ಏರಿಕೆಗೆ ಪ್ರಕೃತಿ ಕಾರಣವಾಗಿದ್ದರೆ ಉಳಿದದ್ದು ನಾವು ಹಾಕಿದ್ದಕ್ಕಿಂತ ಜಾಸ್ತಿ ಇರಬೇಕಿತ್ತು. ಈ ವಾದಕ್ಕೆ ಕಂಪ್ಯೂಟರ್ ಮಾಡೆಲ್ ಬೇಡ, ಯಾವ ಸಮಿತಿಯ ವರದಿಯೂ ಬೇಡ, ಒಂದು ಕಳೆಯುವ ಲೆಕ್ಕ ಸಾಕು. ಕಲ್ಲಿದ್ದಲು ಮತ್ತು ಪೆಟ್ರೋಲಿನ ಲೆಕ್ಕದಲ್ಲಿ ದೊಡ್ಡ ತಪ್ಪು ಇರುವುದೂ ಕಷ್ಟ, ಅದರ ಮೇಲಿನ ತೆರಿಗೆ ಬಿಟ್ಟುಕೊಡುವ ಸರ್ಕಾರ ಜಗತ್ತಿನಲ್ಲಿಲ್ಲ.

ಇಷ್ಟಕ್ಕೆ ಅವರು ಸುಮ್ಮನಾಗುವುದಿಲ್ಲ. ಮುಂದಿನ ಪಟ್ಟುಗಳು ಬರುವ ಕ್ರಮವೂ ಹೆಚ್ಚುಕಡಿಮೆ ಗೊತ್ತಿರುವುದೇ.

ಮೊದಲು "ಒಂದು ಅಣು ಗಾಳಿಯಲ್ಲಿ ಇರುವುದೇ ನಾಲ್ಕು ವರ್ಷ, ನೀವು ನೂರಾರು ವರ್ಷ ಅನ್ನುತ್ತೀರಿ" ಎನ್ನುತ್ತಾರೆ. ನಾಲ್ಕು ವರ್ಷ ಸರಿ. ಗಾಳಿಯಲ್ಲಿರುವ ಒಟ್ಟು 3.3 ಲಕ್ಷ ಕೋಟಿ ಟನ್ನನ್ನು ವರ್ಷದ ಹೊರಹರಿವಿನಿಂದ ಭಾಗಿಸಿದರೆ ಅಷ್ಟೇ ಬರುತ್ತದೆ. ಆದರೆ ಅದು ಅಣು ಬದಲಾಗುವ ಅವಧಿ, ಮಟ್ಟ ಇಳಿಯುವ ಅವಧಿಯಲ್ಲ. ಒಂದು ಅಣು ಸಮುದ್ರಕ್ಕಿಳಿದರೆ ಅಲ್ಲಿಂದ ಇನ್ನೊಂದು ಮೇಲೆ ಬರುತ್ತದೆ. ಜಲಾಶಯದ ನೀರೆಲ್ಲ ಹದಿನೈದು ದಿನದಲ್ಲಿ ಬದಲಾದರೂ ಮಟ್ಟ ಅಲ್ಲೇ ಇರಬಹುದು.

ಎರಡನೆಯದು ಸೋಡಾ ಬಾಟಲಿ: "ಸಮುದ್ರ ಬಿಸಿಯಾಗಿ ಗ್ಯಾಸ್ ಬಿಟ್ಟಿದೆ, ಬಿಸಿ ಮೊದಲು, ಗ್ಯಾಸ್ ಆಮೇಲೆ." ಬಿಸಿ ನೀರು ಕಡಿಮೆ ಅನಿಲ ಹಿಡಿಯುತ್ತದೆ ಎಂಬುದು ನಿಜ. ಆದರೆ ಹಿಮಯುಗ ಮುಗಿದು ಭೂಮಿ 5-6 ಡಿಗ್ರಿ ಬಿಸಿಯಾದಾಗ, ಸಾವಿರಾರು ವರ್ಷಗಳಲ್ಲಿ, ಏರಿದ್ದು 180ರಿಂದ 280 ಪಿಪಿಎಂ. ಈಗ ಒಂದೂವರೆ ಡಿಗ್ರಿಯೊಳಗಿನ ಬಿಸಿಗೆ, ಸುಮಾರು ಇನ್ನೂರೈವತ್ತು ವರ್ಷದಲ್ಲಿ, 280ರಿಂದ 424ಕ್ಕೆ ಏರಿದೆ ಎಂದರೆ ಆ ಬಾಟಲಿಯಿಂದ ಇಷ್ಟು ಹೊರಡುವುದಿಲ್ಲ. ಮೇಲಾಗಿ ಸಮುದ್ರದ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಗ್ಯಾಸ್ ಬಿಟ್ಟ ಸೋಡಾ ಹುಳಿ ಕಳೆದುಕೊಳ್ಳಬೇಕು, ಇಲ್ಲಿ ಹುಳಿ ಹೆಚ್ಚುತ್ತಿದೆ.

ಕೊನೆಗೆ ಜ್ವಾಲಾಮುಖಿ. ಜಗತ್ತಿನ ಎಲ್ಲವೂ ಸೇರಿ ವರ್ಷಕ್ಕೆ 100 ಕೋಟಿ ಟನ್ನನ್ನೂ ಮುಟ್ಟುವುದಿಲ್ಲ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸ್ಫೋಟವಾದ ಮೇಲೆ ಭೂಮಿ ಸುಮಾರು ಅರ್ಧ ಡಿಗ್ರಿ ತಣ್ಣಗಾಯಿತು, ಅದು ಗಂಧಕದ ಹನಿಗಳು ಬಿಸಿಲು ತಡೆದದ್ದರಿಂದ.

ಸ್ವಲ್ಪ ಓದಿಕೊಂಡವರು ಐಸೊಟೋಪಿನ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ವಾದವನ್ನು ಎಲ್ಲಕ್ಕಿಂತ ಮೊದಲು ಎಸೆಯುತ್ತಾರೆ, ಅಲ್ಲೇ ಕಾಲು ಜಾರುತ್ತದೆ. ಕೋಟ್ಯಂತರ ವರ್ಷ ಹಳೆಯ ಕಲ್ಲಿದ್ದಲಿನಲ್ಲಿ ಕಾಲಕ್ರಮೇಣ ಕ್ಷಯಿಸುವ ಕಾರ್ಬನ್-14 ಉಳಿದಿರುವುದಿಲ್ಲ, ಆದ್ದರಿಂದ ಗಾಳಿಯಲ್ಲಿ ಅದರ ಪ್ರಮಾಣ ತೆಳುವಾಗುತ್ತಿದೆ ಎಂದಿರಿ ಎನ್ನಿ. "ಜ್ವಾಲಾಮುಖಿಯಲ್ಲೂ ಇರುವುದಿಲ್ಲ" ಎಂದು ಅವರು ತಿರುಗಿ ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಅದಕ್ಕೆ ಕಾರ್ಬನ್-13, ಅಂದರೆ ತುಸು ಭಾರದ ಇಂಗಾಲ, ಬೇಕು. ಗಿಡಗಳು ಹಗುರ ಇಂಗಾಲವನ್ನು ಹೆಚ್ಚು ಹಿಡಿಯುತ್ತವೆ, ಗಿಡಗಳಿಂದಾದ ಕಲ್ಲಿದ್ದಲಿಗೂ ಅದೇ ಗುಣ. ಜ್ವಾಲಾಮುಖಿಯ ಇಂಗಾಲಕ್ಕೆ ಆ ಗುಣವಿಲ್ಲ. ಗಾಳಿಯಲ್ಲಿ 13ರ ಪಾಲೂ ಇಳಿಯುತ್ತಿದೆ. ಇದರ ಜೊತೆಗೆ ಆಮ್ಲಜನಕ: ಕೀಲಿಂಗರ ಮಗ ರಾಲ್ಫ್ ಕೀಲಿಂಗ್ ಮತ್ತು ಸಂಗಡಿಗರ ಅಳತೆಯಂತೆ ಅದು ವರ್ಷಕ್ಕೆ ಸುಮಾರು 4 ಪಿಪಿಎಂ ಇಳಿಯುತ್ತಿದೆ. ಸುಡುವುದಕ್ಕೆ ಆಮ್ಲಜನಕ ಬೇಕು, ಸಮುದ್ರವಾಗಲಿ ಜ್ವಾಲಾಮುಖಿಯಾಗಲಿ ಅನಿಲ ಬಿಡುವುದಕ್ಕೆ ಬೇಕಿಲ್ಲ. (ಉಸಿರಾಟಕ್ಕೆ ಇದರಿಂದ ಏನೂ ಆಗದು. ಗಾಳಿಯಲ್ಲಿ 2,09,000 ಪಿಪಿಎಂ ಆಮ್ಲಜನಕವಿದೆ. ಆಕ್ಸಿಜನ್ ಮುಗಿಯುತ್ತಿದೆ ಎಂದು ಹೊಸ ಫಾರ್ವರ್ಡ್ ಶುರು ಮಾಡಬೇಡಿ.) ಈ ಮೂರನ್ನೂ ಒಟ್ಟಿಗೆ ಇಡಲು ಬಾರದಿದ್ದರೆ ಐಸೊಟೋಪಿನ ಸುದ್ದಿಗೇ ಹೋಗಬೇಡಿ, ಕಳೆಯುವ ಲೆಕ್ಕದಲ್ಲೇ ನಿಲ್ಲಿ.

ಇನ್ನು 0.04. ಗಾಳಿಯ ಶೇ 99ರಷ್ಟಿರುವ ಸಾರಜನಕ, ಆಮ್ಲಜನಕಗಳು ನೆಲದಿಂದೇಳುವ ಶಾಖದ ಕಿರಣಗಳನ್ನು ಹಿಡಿಯುವುದೇ ಇಲ್ಲ. ವಿಜ್ಞಾನಿ ಜಾನ್ ಟಿಂಡಾಲ್ ಇದನ್ನು 1859ರಲ್ಲೇ ಪ್ರಯೋಗ ಮಾಡಿ ಅಳೆದಿದ್ದಾರೆ. ಹಿಡಿಯದ ಅನಿಲ ಎಷ್ಟಿದ್ದರೇನು? ಕಿರಣಕ್ಕೆ ಪರ್ಸೆಂಟೇಜು ಗೊತ್ತಿಲ್ಲ, ದಾರಿಯಲ್ಲಿ ಎಷ್ಟು ಅಣು ಎದುರಾದವು ಎಂಬುದಷ್ಟೇ ಲೆಕ್ಕ. ನೀವು ಕುಳಿತಿರುವ ಜಾಗದ ಪ್ರತಿ ಚದರ ಮೀಟರಿನ ಮೇಲೆ, ಆಕಾಶದವರೆಗೆ, ಸುಮಾರು ಆರೂವರೆ ಕಿಲೋ ಇಂಗಾಲದ ಡೈಆಕ್ಸೈಡ್ ನಿಂತಿದೆ. ಅದರಲ್ಲಿ ಎರಡು ಕಿಲೋಗೂ ಮೇಲಿನ ಏರಿಕೆ ನಮ್ಮಿಂದಾದದ್ದು. ಅಷ್ಟು ಹೇಳಿದರೂ "ಇಷ್ಟೇ ಇಷ್ಟು" ಎನ್ನುತ್ತಿದ್ದರೆ, ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಚಾಲಕರ ರಕ್ತದ ಮದ್ಯದ ಮಿತಿ 100 ಎಂ.ಎಲ್‌ಗೆ 30 ಮಿಲಿಗ್ರಾಂ, ಅಂದರೆ 0.03 ಪರ್ಸೆಂಟ್ ಎಂದು ನೆನಪಿಸಿ. ಇದು ಪುರಾವೆಯಲ್ಲ. ಅಂಕಿ ಸಣ್ಣದು ಎಂಬುದೇ ಒಂದು ವಾದವಾಗದು ಎಂದು ತೋರಿಸಲು ಸಾಕು.

ಗ್ರೂಪಿನಲ್ಲಿ ಬರೆಯುವಾಗ ಲಿಂಕ್ ಹಾಕಬೇಡಿ, ಯಾರೂ ತೆರೆಯುವುದಿಲ್ಲ. "97 ಪರ್ಸೆಂಟ್ ವಿಜ್ಞಾನಿಗಳು ಒಪ್ಪುತ್ತಾರೆ" ಎನ್ನಬೇಡಿ. ಅವರದೂ 97, ನಿಮ್ಮದೂ 97, ನೋಡುವವರು ಗೊಂದಲಕ್ಕೆ ಬೀಳುತ್ತಾರೆ. ಒಂದೇ ಸಾಲು ಸಾಕು: "ಅಣ್ಣ, ಒಳಹರಿವು ಹೇಳಿದ್ರಿ, ಹೊರಹರಿವು ಎಷ್ಟು?" ಆಮೇಲೆ ಕಾಯಿರಿ. ಅವರು ಸೂರ್ಯನ ಚಕ್ರ, ಹಿಮಕರಡಿ ಎಂದು ಬೇರೆ ಕಡೆ ಹೋದರೆ ಅದೇ ಸಾಲನ್ನು ಮತ್ತೊಮ್ಮೆ ಹಾಕಿ. ಮೂರನೇ ಸಲವೂ ಉತ್ತರ ಬರದಿದ್ದರೆ ಬಿಟ್ಟುಬಿಡಿ, ಓದುತ್ತಿದ್ದ ಉಳಿದ ನಲವತ್ತು ಜನಕ್ಕೆ ಗೊತ್ತಾಗಿರುತ್ತದೆ. ಹಬ್ಬಕ್ಕೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕಾದವರು ನೀವಿಬ್ಬರು.

ಪ್ರಶ್ನೆ: ಎಲೆಕ್ಟ್ರಿಕ್ ಸ್ಕೂಟರಿಗೆ ಕರೆಂಟ್ ಬರುವುದು ಕಲ್ಲಿದ್ದಲಿನಿಂದ. ಹಾಗಾದರೆ ಪೆಟ್ರೋಲಿಗಿಂತ ಅದು ಹೇಗೆ ಮೇಲು? — ಹುಬ್ಬಳ್ಳಿ

ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರ್ ಆದರೆ ಕಿಲೋಮೀಟರಿಗೆ 51 ಗ್ರಾಂ. ಎಲೆಕ್ಟ್ರಿಕ್ ಸ್ಕೂಟರಿಗೆ ಕಿಲೋಮೀಟರಿಗೆ ಬ್ಯಾಟರಿಯಿಂದ 30 ವ್ಯಾಟ್-ಅವರ್ ಬೇಕು ಎನ್ನಿ, ಚಾರ್ಜರ್ ಮತ್ತು ಲೈನಿನ ನಷ್ಟ ಸೇರಿಸಿ 40 ಹಿಡಿಯೋಣ. ದೇಶದ ಗ್ರಿಡ್ಡಿನಲ್ಲಿ ಯೂನಿಟ್ಟಿಗೆ (1,000 ವ್ಯಾಟ್-ಅವರ್‌ಗೆ) ಸುಮಾರು 0.7 ಕೆ.ಜಿ. ಲೆಕ್ಕದಲ್ಲಿ 28 ಗ್ರಾಂ ಆಯಿತು. ಬ್ಯಾಟರಿ ತಯಾರಿಕೆಯ ಹೊರೆ ಇದ್ದೇ ಇದೆ. ಅದನ್ನು 300 ಕೆ.ಜಿ. ಎಂದು ಧಾರಾಳವಾಗಿ ಇಟ್ಟರೂ 13,000 ಕಿ.ಮೀ. ಓಡಿದರೆ ತೀರುತ್ತದೆ. ಮನೆಯಲ್ಲಿ ನಿಲ್ಲಿಸಿ ವಾರಕ್ಕೊಮ್ಮೆ ತರಕಾರಿ ತರಲು ಒಯ್ಯುವವರಿಗೆ ತೀರುವುದು ನಿಧಾನ. ಪೆಟ್ರೋಲನ್ನು ತೆಗೆಯಲು, ಸಂಸ್ಕರಿಸಲು, ಟ್ಯಾಂಕರಿನಲ್ಲಿ ಸಾಗಿಸಲು ಆಗುವ ಖರ್ಚನ್ನು ನಾನಿಲ್ಲಿ ಹಿಡಿದೇ ಇಲ್ಲ, ನಿಮ್ಮೊಡನೆ ವಾದ ಮಾಡುವವರೂ ಹಿಡಿದಿರುವುದಿಲ್ಲ.

ಪ್ರಶ್ನೆ: ಪಾವಗಡ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್, ರಾಯಚೂರು ಥರ್ಮಲ್ 1,720. ಹಾಗಾದರೆ ರಾಯಚೂರನ್ನು ಇಂದೇ ಮುಚ್ಚಬಹುದಲ್ಲ? — ಬೆಂಗಳೂರು

ಇದು ನಮ್ಮ ಕಡೆಯವರ ತಪ್ಪು, ಅದಕ್ಕೇ ಹೆಚ್ಚು ಸಿಟ್ಟು. ಮೆಗಾವ್ಯಾಟ್ ಎಂದರೆ ನಲ್ಲಿಯ ಗಾತ್ರ, ಯೂನಿಟ್ ಎಂದರೆ ತುಂಬಿದ ಕೊಡ. ಪಾವಗಡ ವರ್ಷದ ಸರಾಸರಿಯಲ್ಲಿ ಸಾಮರ್ಥ್ಯದ ಶೇ 22ರಷ್ಟು ಕೊಟ್ಟರೆ ಸುಮಾರು 395 ಕೋಟಿ ಯೂನಿಟ್. ರಾಯಚೂರು ಶೇ 65ರಲ್ಲಿ ಓಡಿದರೆ ಸುಮಾರು 980 ಕೋಟಿ. ಅದೂ ಅಲ್ಲದೆ ಸಂಜೆ ಏಳಕ್ಕೆ ಊರೆಲ್ಲ ದೀಪ, ಮಿಕ್ಸಿ, ಟೀವಿ ಹಾಕುವ ಹೊತ್ತಿಗೆ ಪಾವಗಡದ ಕೊಡುಗೆ ಸೊನ್ನೆ. ಆ ಹೊತ್ತಿಗೆ ಜಲವಿದ್ಯುತ್ತೋ, ಬ್ಯಾಟರಿಯೋ, ಹಗಲು ನೀರು ಮೇಲೆತ್ತಿ ರಾತ್ರಿ ಬಿಡುವ ವ್ಯವಸ್ಥೆಯೋ ಬೇಕು. ನೀರೆತ್ತುವ ವ್ಯವಸ್ಥೆ ಕರೆಂಟ್ ಹುಟ್ಟಿಸುವುದಿಲ್ಲ, ಹಾಕಿದ ನೂರು ಯೂನಿಟ್ಟಿನಲ್ಲಿ 75-80 ವಾಪಸ್ ಕೊಡುತ್ತದೆ, ಅಷ್ಟೇ. ಸೌರಶಕ್ತಿಯ ಪರ ಮಾತಾಡುವವರು ಈ ಕತ್ತಲೆಯ ಲೆಕ್ಕ ಮುಚ್ಚಿಟ್ಟರೆ ದೊಡ್ಡಪ್ಪನ ಮಗನಿಗೂ ಅವರಿಗೂ ವ್ಯತ್ಯಾಸವಿಲ್ಲ.

ಪ್ರಶ್ನೆ: ಸೋಲಾರ್ ಪ್ಯಾನೆಲ್ ಮಾಡಲು ಹಿಡಿಯುವ ಶಕ್ತಿಯನ್ನು ಅದು ಜೀವಮಾನದಲ್ಲೂ ವಾಪಸ್ ಕೊಡುವುದಿಲ್ಲವಂತೆ? — ದಾವಣಗೆರೆ

ನಮ್ಮ ಬಿಸಿಲಿಗೆ ಸುಮಾರು ಒಂದು ವರ್ಷದಲ್ಲಿ ಕೊಡುತ್ತದೆ, ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಲಾಭ. ದೂಳು ಒರೆಸಿ.

ಪ್ರಶ್ನೆ: ಓಝೋನ್ ಪದರದ ತೂತಿನಿಂದ ತಾನೇ ಭೂಮಿ ಬಿಸಿಯಾಗುತ್ತಿರುವುದು? — ಮೈಸೂರು

ಅಲ್ಲ. ಅದು ಬೇರೆ ರೋಗ, 1987ರ ಮಾಂಟ್ರಿಯಲ್ ಒಪ್ಪಂದದ ಮೇಲೆ ವಾಸಿಯಾಗುವ ದಾರಿಯಲ್ಲಿದೆ.

ಪ್ರಶ್ನೆ: ಅರಳಿಮರ ರಾತ್ರಿಯೂ ಆಮ್ಲಜನಕ ಕೊಡುತ್ತದೆಯೇ? — ಹಾಸನ

ಬೆಳಕಿಲ್ಲದೆ ಯಾವ ಮರವೂ ಕೊಡದು. ನೆರಳಿಗಾಗಿ ನೆಡಿ, ಅದೇ ಸಾಕಷ್ಟು ಪುಣ್ಯ.

ಪ್ರಶ್ನೆ: ಈ ಡಿಸೆಂಬರಿನಲ್ಲಿ ವಿಪರೀತ ಚಳಿ. ಎಲ್ಲಿ ಹೋಯಿತು ನಿಮ್ಮ ಬಿಸಿ? — ಬೀದರ್

ಒಂದು ಊರಿನ ಒಂದು ತಿಂಗಳಿಗೆ ನಾನು ಉತ್ತರಿಸುವುದಿಲ್ಲ, ಮೂವತ್ತು ವರ್ಷದ ಸರಾಸರಿ ತನ್ನಿ.

ಪ್ರಶ್ನೆ: ಪ್ಲಗ್ಗಿಗೆ ಹಾಕಿದರೆ ಬಿಲ್ ಶೇ 40 ಇಳಿಸುವ ಡಬ್ಬಿ ಮನೆಬಾಗಿಲಿಗೆ ಮಾರಲು ತಂದಿದ್ದರು. ಕಣ್ಣೆದುರೇ ಮೀಟರ್ ಹಿಡಿದು ತೋರಿಸಿದರು. ಪರಿಸರಕ್ಕೂ ಒಳ್ಳೆಯದಂತೆ. — ತುಮಕೂರು

ತೋರಿಸಿದ್ದು ಕ್ಲ್ಯಾಂಪ್ ಮೀಟರ್, ಅದು ಅಳೆಯುವುದು ಆಂಪಿಯರ್. ಡಬ್ಬಿಯೊಳಗೆ ಇರುವುದು ಒಂದು ಕೆಪಾಸಿಟರ್ ಮತ್ತು ಒಂದು ಎಲ್‌ಇಡಿ. ಮೋಟಾರು ಓಡುವಾಗ ಕೆಪಾಸಿಟರ್ ಹಾಕಿದರೆ ಆಂಪಿಯರ್ ಇಳಿಯುವುದು ನಿಜ, ವ್ಯಾಟ್ ಇಳಿಯುವುದಿಲ್ಲ. ಮನೆಯ ಮೀಟರ್ ಲೆಕ್ಕ ಹಾಕುವುದು ವ್ಯಾಟಿನದು, ಬಿಲ್ಲೂ ಅದಕ್ಕೇ. ಕಳ್ಳರು ನಿಮಗೆ ತೋರಿಸಿದ್ದು ಖಾತೆಯ ಅವರಿಗೆ ಬೇಕಾದ ಪುಟ.

ಆಗಲೇ ಕೊಂಡಿದ್ದರೆ ನೀವೇ ಪರೀಕ್ಷಿಸಿ. ಮನೆಯಲ್ಲಿ ಎಲ್ಲ ಆರಿಸಿ ಒಂದೇ ಫ್ಯಾನ್ ಹಾಕಿ. ಮೀಟರಿನಲ್ಲಿ ಮಿನುಗುವ ಕೆಂಪು ದೀಪವನ್ನು 5 ನಿಮಿಷ ಎಣಿಸಿ. ಮೀಟರಿನ ಮೇಲೆ ಯೂನಿಟ್ಟಿಗೆ 3200 ಎಂದು ಬರೆದಿದ್ದರೆ 75 ವ್ಯಾಟಿನ ಹಳೇ ಫ್ಯಾನಿಗೆ ಸುಮಾರು 20 ಮಿನುಗು ಬರಬೇಕು. ಈಗ ಡಬ್ಬಿ ಚುಚ್ಚಿ ಮತ್ತೆ 5 ನಿಮಿಷ ಎಣಿಸಿ. 20 ಇದ್ದದ್ದು 12ಕ್ಕೆ ಇಳಿದರೆ ನನಗೆ ಬರೆಯಿರಿ. ಇಳಿಯಲಿಲ್ಲವೆಂದು ಸಿಟ್ಟಿನಲ್ಲಿ ಅದನ್ನು ಒಡೆಯಲು ಹೋಗಬೇಡಿ, ಪ್ಲಗ್ಗಿನಿಂದ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಹೊಡೆಯಬಹುದು.