ಚಿತ್ರದುರ್ಗದ ನನ್ನ ಸೈಟಿನಲ್ಲಿ ಭೂಕಂಪದ ಸಾಧ್ಯತೆ ಎಷ್ಟು? ಲೆಕ್ಕ ಹಾಕೋದು ಹೇಗೆ?

ಕಟ್ಟಡಗಳು ಭೂಕಂಪ ತಾಳುವಂತೆ ಕಟ್ಟೋಕೆ ಇರುವ ಭಾರತೀಯ ಮಾನದಂಡ ಐಎಸ್ 1893ರ 2016ರ ಆವೃತ್ತಿ ಪ್ರಕಾರ ಚಿತ್ರದುರ್ಗ ಎರಡನೇ ವಲಯದಲ್ಲಿದೆ, ಅಂದರೆ ಅಪಾಯ ಕಡಿಮೆ. ಹಾಗಂತ ಸುಮ್ನೆ ಕೂರಬೇಡಿ. 1993ರಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಆದ ಭೂಕಂಪ ನೆನಪಿದೆ ಅಲ್ವಾ? ಆಗಿನ ನಕ್ಷೆಯಲ್ಲಿ ಆ ಊರೂ ಅತಿ ಕಡಿಮೆ ಅಪಾಯದ ವಲಯದಲ್ಲೇ ಇತ್ತು. ಸಾವಿರಾರು ಜನ ಸತ್ತರು.

ಲೆಕ್ಕ ಹಾಕುವ ತಜ್ಞರು ಸುತ್ತಮುತ್ತ ಎಲ್ಲೆಲ್ಲಿ, ಎಷ್ಟು ದೊಡ್ಡ ಭೂಕಂಪ, ಎಷ್ಟು ವರ್ಷಕ್ಕೊಮ್ಮೆ ಆಗಬಹುದು ಅಂತ ಮೊದಲು ನೋಡುತ್ತಾರೆ. ಒಂದೊಂದರ ಅಲುಗಾಟವೂ ನಿಮ್ಮ ಸೈಟಿಗೆ ಬರುವಷ್ಟರಲ್ಲಿ ಎಷ್ಟು ಕುಗ್ಗುತ್ತದೆ ಅಂತ ಅಂದಾಜಿಸಿ, ಎಲ್ಲ ಸಾಧ್ಯತೆಗಳನ್ನೂ ಕೂಡಿಸುತ್ತಾರೆ. ಈ ಲೆಕ್ಕದಲ್ಲಿ ಒಂದು ಮಟ್ಟದ ಅಲುಗಾಟ '475 ವರ್ಷಕ್ಕೊಮ್ಮೆ' ಅಂತ ಬಂದರೆ, ಅಷ್ಟು ಅಥವಾ ಅದಕ್ಕಿಂತ ಜೋರಾದ ಅಲುಗಾಟಕ್ಕೆ 50 ವರ್ಷದಲ್ಲಿ ಸುಮಾರು ಶೇ 10 ಸಾಧ್ಯತೆ. ಅದು ನಾಳೆಯೇ ಆದರೂ ಆಗಬಹುದು.

ಮಣ್ಣನ್ನು ಮಾತ್ರ ಮರೆಯಬೇಡಿ. ಕೋಟೆ ಬೆಟ್ಟದ ಗಟ್ಟಿ ಬಂಡೆಗಿಂತ ಕೆರೆ ಅಂಗಳದ ಮೆತ್ತನೆ ಮಣ್ಣು ಸಾಮಾನ್ಯವಾಗಿ ಜಾಸ್ತಿ ಅಲುಗುತ್ತದೆ. ಪಾಯ ತೆಗೆಯುವ ಮೊದಲೇ ಮಣ್ಣು ಪರೀಕ್ಷೆ ಮಾಡಿಸಿ.