ಮೋಟೋಕ್ರಾಸ್ ಗೇಮ್‌ನಲ್ಲಿ ಪ್ರತಿ ಸಲ ಹಾರಿದಾಗಲೂ ಬೈಕ್ ಮೂತಿ ಕೆಳಗಾಗಿ ಬೀಳುತ್ತದೆ. ತಪ್ಪು ನನ್ನದಾ, ಲ್ಯಾಪ್‌ಟಾಪ್‌ದಾ?

ನೀವು ಕೇಳಿದ್ದು ಇಷ್ಟು: ಲ್ಯಾಪ್‌ಟಾಪ್ ಹಳೆಯದು, ಈ ಮಣ್ಣುದಿಬ್ಬದ ಬೈಕ್ ರೇಸನ್ನು ಕೀಬೋರ್ಡ್‌ನಲ್ಲೇ ಆಡುತ್ತೀರಿ, ದಿಬ್ಬ ಹಾರಿದರೆ ಬೈಕ್ ನೆಟ್ಟಗೆ ಇಳಿಯುವುದೇ ಇಲ್ಲ, ಸ್ಟಂಟ್ ಅಂತೂ ಒಂದೂ ಆಗುತ್ತಿಲ್ಲ. ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ತಗೊಳ್ಳಬೇಕಾ ಅಂತ.

ತಗೊಳ್ಳಿ, ಆದರೆ ಇವತ್ತೇ ಬೇಡ. ಮೊದಲು ಆಕ್ಸಿಲರೇಟರ್ ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು ಅಂತ ಕಲಿಯಿರಿ.

ನಾನು ವಿಜಯಪುರದವನು. ಈ ಹುಚ್ಚು ಹಿಡಿದಾಗ ಊರ ಹೆಸರು ಇನ್ನೂ ಬಿಜಾಪುರ. ಸ್ಟೇಷನ್ ರೋಡಿನ ಕಡೆ ಒಂದು ಕಂಪ್ಯೂಟರ್ ಕ್ಲಾಸ್ ಇತ್ತು. ಟ್ಯಾಲಿ ಕಲಿಯಲಿ ಅಂತ ಅಪ್ಪ ಫೀ ಕಟ್ಟಿದ್ದರು, ನಾನು ಕಲಿತದ್ದು ಮೋಟೋಕ್ರಾಸ್ ಮ್ಯಾಡ್‌ನೆಸ್ 2. ರೇನ್‌ಬೋ ಸ್ಟುಡಿಯೋಸ್‌ನವರು ಮಾಡಿ, ಮೈಕ್ರೋಸಾಫ್ಟ್ 2000ದಲ್ಲಿ ಬಿಟ್ಟ ಗೇಮ್ ಅದು. ರೇಸ್ ಯಾರಿಗೂ ಬೇಕಿರಲಿಲ್ಲ. ಎಲ್ಲರೂ ಮ್ಯಾಪಿನ ಅಂಚಿನ ಕಡೆಗೇ ಓಡಿಸುತ್ತಿದ್ದರು. ಗಡಿ ದಾಟಿದ ಕೂಡಲೇ ಕಾಣದ ತೋಪು ಹಾರಿಸಿದ ಹಾಗೆ ಢಂ ಅಂತ ಸದ್ದು, ಬೈಕು ಒಂದು ಕಡೆ, ಸವಾರ ಒಂದು ಕಡೆ, ಇಬ್ಬರೂ ಹಾರಿ ಮೈದಾನಕ್ಕೆ ವಾಪಸ್. ನಮ್ಮ ಗುಂಪಿನಲ್ಲಿ ಅದಕ್ಕೆ ಮಲಿಕ್-ಎ-ಮೈದಾನ್ ಅಂತಲೇ ಹೆಸರು. ನಮ್ಮೂರ ಕೋಟೆ ಮೇಲಿರುವ ತೋಪನ್ನು ನೋಡಿದವರಿಗೆ ಯಾಕೆ ಅಂತ ಗೊತ್ತಾಗುತ್ತದೆ.

ಈಗ ನಿಮ್ಮ ಬೈಕಿನ ಮೂತಿಯ ವಿಷಯ. ಗಾಳಿಯಲ್ಲಿದ್ದಾಗ ಆಕ್ಸಿಲರೇಟರ್‌ಗೂ ಬ್ರೇಕಿಗೂ ಕೆಲಸ ಇಲ್ಲ ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲೇ ಎಡವುವುದು. ಗಾಳಿಯಲ್ಲಿ ಗ್ಯಾಸ್ ಕೊಟ್ಟರೆ ಹಿಂದಿನ ಗಾಲಿ ಇನ್ನೂ ಜೋರಾಗಿ ತಿರುಗುತ್ತದೆ, ಅದಕ್ಕೆ ಉಲ್ಟಾ ದಿಕ್ಕಿನಲ್ಲಿ ಬೈಕಿನ ಮೈ ತಿರುಗಿ ಮೂತಿ ಮೇಲೇಳುತ್ತದೆ. ಹಿಂದಿನ ಬ್ರೇಕ್ ಒತ್ತಿದರೆ ತಿರುಗುವ ಗಾಲಿ ಗಕ್ಕನೆ ನಿಲ್ಲುತ್ತದೆ, ಆ ತಿರುಗು ಬೈಕಿಗೆ ಬಂದು ಮೂತಿ ಕೆಳಗಿಳಿಯುತ್ತದೆ. ನಿಜವಾದ ಸವಾರರು ಮಾಡುವುದೂ ಇದನ್ನೇ. ಎಂಎಕ್ಸ್ ಬೈಕ್ಸ್ ತರಹದ, ನಿಜವಾದ ಬೈಕಿನ ಹಾಗೇ ನಡೆದುಕೊಳ್ಳುವ ಸಿಮ್ಯುಲೇಷನ್ ಗೇಮ್‌ಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಉಳಿದವುಗಳಲ್ಲಿ ಹಿಂದೆ ಮುಂದೆ ವಾಲುವ ಕೀಲಿಯೇ ಹೆಚ್ಚು ಕೆಲಸ ಮಾಡುತ್ತದೆ. ನನ್ನ ಅಂದಾಜು ಹೇಳಲಾ? ನೀವು ದಿಬ್ಬದ ತುದಿಯಲ್ಲಿ ಹೆದರಿ ಬ್ರೇಕ್ ಒತ್ತುತ್ತೀರಿ, ಅಥವಾ ಮುಂದಕ್ಕೆ ವಾಲುವ ಕೀಲಿಯನ್ನು ಬಿಡುವುದೇ ಇಲ್ಲ.

ಹಾರುವ ಮುಂಚೆ ಇನ್ನೊಂದು ಇದೆ. ಬಾವಿಗೆ ಜಿಗಿಯುವಾಗ ಮಂಡಿ ಬಗ್ಗಿಸಿ ಆಮೇಲೆ ಚಿಮ್ಮುತ್ತೀರಿ ಅಲ್ವಾ? ಹಾಗೇ ದಿಬ್ಬ ಹತ್ತುವಾಗ ಹಿಂದಕ್ಕೆ ವಾಲಿ ಶಾಕ್ ಅಬ್ಸಾರ್ಬರ್ ಅದುಮಿ, ತುದಿಯಲ್ಲಿ ಬಿಡಬೇಕು. ಇದಕ್ಕೆ ಪ್ರಿಲೋಡ್ ಅನ್ನುತ್ತಾರೆ. ಇಳಿಯುವಾಗ ಬೈಕಿನ ವಾಲು ನೆಲದ ಇಳಿಜಾರಿಗೆ ಹೊಂದಬೇಕು. ಇಳಿಜಾರಿನಲ್ಲಿ ಇಳಿದರೆ ಮೂತಿ ಸ್ವಲ್ಪ ಕೆಳಗೆ, ಸಪಾಟು ನೆಲದಲ್ಲಿ ಇಳಿದರೆ ಹಿಂದಿನ ಗಾಲಿ ಒಂದು ಚೂರು ಮೊದಲು. ಗಾಲಿ ನೆಲಕ್ಕೆ ತಾಗುವ ಹೊತ್ತಿಗೆ ಮತ್ತೆ ಗ್ಯಾಸ್.

ತುಂಬಾ ಎತ್ತರ ಹಾರಿದವನು ಗೆಲ್ಲುವುದೂ ಇಲ್ಲ. ಗಾಳಿಯಲ್ಲಿರುವ ಗಾಲಿ ಬೈಕನ್ನು ಮುಂದೆ ತಳ್ಳುವುದಿಲ್ಲವಲ್ಲ. ಅಮೆರಿಕದ ಮೋಟೋಕ್ರಾಸ್ ಸವಾರ ಜೇಮ್ಸ್ ಸ್ಟೀವರ್ಟ್ ದಿಬ್ಬದ ಮುಖದಲ್ಲೇ ಬೈಕನ್ನು ಮಲಗಿಸಿ, ನೆಲಕ್ಕೆ ಅಂಟಿದ ಹಾಗೆ ದಾಟುತ್ತಿದ್ದ. ಅದಕ್ಕೆ ಅವನ ಅಡ್ಡಹೆಸರಿನಿಂದಲೇ ಬಬ್ಬಾ ಸ್ಕ್ರಬ್ ಅಂತ ಹೆಸರು ಬಂತು.

ಇನ್ನು ಕೀಬೋರ್ಡ್. ಇಲ್ಲಿ ನಿಮ್ಮದು ತಪ್ಪಿಲ್ಲದೆಯೂ ಇರಬಹುದು. ಎಷ್ಟೋ ಅಗ್ಗದ ಕೀಬೋರ್ಡ್‌ಗಳು ಮೂರು ಕೀಲಿ ಒಟ್ಟಿಗೆ ಒತ್ತಿದರೆ ಒಂದನ್ನು ನುಂಗಿಬಿಡುತ್ತವೆ. ಮೇಲಿನ ಬಾಣ, ಎಡ ಬಾಣ, ಸ್ಪೇಸ್, ಇವು ಮೂರನ್ನೂ ಒತ್ತಿದರೆ ಕೆಲವದರಲ್ಲಿ ಸ್ಪೇಸ್ ಲೆಕ್ಕಕ್ಕೇ ಇಲ್ಲ. ನಾನು ಒಂದು ತಿಂಗಳು ಬ್ಯಾಕ್‌ಫ್ಲಿಪ್ (ಗಾಳಿಯಲ್ಲಿ ಹಿಂದಕ್ಕೆ ಲಾಗ) ಬರಲ್ಲ ಅಂತ ನನ್ನನ್ನೇ ಬೈದುಕೊಂಡೆ, ಕೊನೆಗೆ ನೋಡಿದರೆ ಕೀಬೋರ್ಡ್‌ನ ಕಿತಾಪತಿ. ಸ್ಟಂಟ್ ಕೀಲಿಯನ್ನು ಶಿಫ್ಟ್ ಅಥವಾ ಕಂಟ್ರೋಲ್‌ಗೆ ಬದಲಿಸಿ ನೋಡಿ. ಅವುಗಳಿಗೆ ಸಾಮಾನ್ಯವಾಗಿ ಬೇರೆ ದಾರಿ ಇರುತ್ತದೆ, ನುಂಗುವುದಿಲ್ಲ.

ಕಂಟ್ರೋಲರ್ ಕೊಳ್ಳುವಾಗ ಟ್ರಿಗರ್ ನೋಡಿ, ತೋರುಬೆರಳಿಗೆ ಸಿಗುವ ಒತ್ತುಗುಂಡಿ ಅದು. ಕೀಲಿಗೆ ಇರುವುದು ಎರಡೇ ಮಾತು, ಪೂರ್ತಿ ಗ್ಯಾಸ್ ಅಥವಾ ಸೊನ್ನೆ. ಟ್ರಿಗರ್‌ನಲ್ಲಿ ಕಾಲು, ಅರ್ಧ, ಮುಕ್ಕಾಲು ಕೊಡಬಹುದು. ನಾನು ಮೊದಲು ತಗೊಂಡದ್ದು ಕಡಿಮೆ ಬೆಲೆಯದು. ನೋಡಲು ಥೇಟ್ ಟ್ರಿಗರ್, ಒಳಗೆ ಬರೀ ಸ್ವಿಚ್ಚು. ದುಡ್ಡು ದಂಡ. ವಿಂಡೋಸ್‌ನ ರನ್ ಡಬ್ಬಿಯಲ್ಲಿ ಜಾಯ್ ಡಾಟ್ ಸಿಪಿಎಲ್ (joy.cpl) ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ, ಕಂಟ್ರೋಲರ್‌ನ ಪ್ರಾಪರ್ಟೀಸ್ ತೆರೆದು ಟ್ರಿಗರ್ ಮೆಲ್ಲಗೆ ಒತ್ತಿ. ಪಟ್ಟಿ ನಿಧಾನ ಸರಿದರೆ ಒಳ್ಳೆಯದು, ಒಂದೇ ಸಲ ತುದಿಗೆ ಹಾರಿದರೆ ಅಂಗಡಿಗೇ ವಾಪಸ್ ಕೊಡಿ.

ಲ್ಯಾಪ್‌ಟಾಪ್‌ದು ಏನೂ ತಪ್ಪಿಲ್ಲ ಅಂತಲೂ ಅಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಲ್ಯಾಪ್‌ಟಾಪ್ ಕಾದರೆ ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಮೊದಲ ಹತ್ತು ನಿಮಿಷ ಸರಿಯಾಗಿ ಇಳಿದ ಬೈಕು ಆಮೇಲೆ ಬೀಳತೊಡಗಿದರೆ ಬಹುಶಃ ಇದೇ ಕಾರಣ. ಚಿತ್ರ ತಡವರಿಸುತ್ತದೆ, ನಿಮ್ಮ ಬೆರಳು ತಪ್ಪುತ್ತದೆ. ಗೇಮಿನ ಸೆಟ್ಟಿಂಗ್ಸ್‌ನಲ್ಲಿ ನೆರಳುಗಳನ್ನು ಪೂರ್ತಿ ತೆಗೆಯಿರಿ, ರೆಸಲ್ಯೂಷನ್ 720ಕ್ಕೆ ಇಳಿಸಿ, ಫ್ರೇಮ್ ಮಿತಿ, ಅಂದರೆ ಸೆಕೆಂಡಿಗೆ ಬರುವ ಚಿತ್ರಗಳ ಲೆಕ್ಕ, 60 ಇಡಿ. ಅದೂ ನಿಲ್ಲದಿದ್ದರೆ 30. ಏರಿಳಿಯುವ 60ಕ್ಕಿಂತ ಅಲುಗಾಡದ 30 ವಾಸಿ. ಹಿಂದಿನ ಎರಡು ಮೂಲೆಗೆ ಸೋಡಾ ಬಾಟಲಿಯ ಮುಚ್ಚಳ ಇಟ್ಟು ಎತ್ತರಿಸಿ, ಗಾಳಿ ಆಡಲಿ. ಹಾಸಿಗೆ ಮೇಲೆ ಮಾತ್ರ ಇಡಬೇಡಿ.

ಎಂಎಕ್ಸ್ ವರ್ಸಸ್ ಎಟಿವಿ ರಿಫ್ಲೆಕ್ಸ್ ಅನ್ನುವ ಗೇಮ್ ಸಿಕ್ಕರೆ ಆಡಿ ನೋಡಿ, ಹಳೆಯದೇ, ಆದರೂ ಚೆಂದ. ಬೈಕಿಗೆ ಕಂಟ್ರೋಲರ್‌ನ ಒಂದು ಸ್ಟಿಕ್, ಸವಾರನ ಮೈಗೆ ಇನ್ನೊಂದು. ಎಲ್ಲರೂ ಓಡಿಸಿ ಓಡಿಸಿ ಮಣ್ಣಿನಲ್ಲಿ ಜಾಡು ಬೀಳುತ್ತದೆ, ಮುಂದಿನ ಸುತ್ತಿಗೂ ಅದು ಹಾಗೇ ಇರುತ್ತದೆ. ನಮ್ಮ ಜಿಲ್ಲೆಯ ಇಂಡಿ ಊರಿನ ಹತ್ತಿರ ನಮ್ಮ ಮಾವನ ಹೊಲ ಇದೆ, ಎರೆ ಮಣ್ಣು. ಮಳೆಯಾದ ಮೇಲೆ ಚಕ್ಕಡಿ ಜಾಡಿಗೆ ಬೈಕಿನ ಗಾಲಿ ಸಿಕ್ಕಿತೋ, ಹ್ಯಾಂಡಲ್ ತಿರುಗಿಸಿದರೆ ಬಿದ್ದಿರಿ ಅಂತಲೇ ಅರ್ಥ. ಮಡ್‌ಗಾರ್ಡ್‌ನಲ್ಲಿ ಮಣ್ಣು ಹಿಟ್ಟಿನ ಹಾಗೆ ಮೆತ್ತಿಕೊಂಡಿರುತ್ತದೆ. ಭಾರ ಹಿಂದೆ, ಗ್ಯಾಸ್ ಒಂದೇ ಸಮ, ಜಾಡು ಒಯ್ದ ಕಡೆಗೆ ಹೋಗಬೇಕು. ಗೇಮಿನಲ್ಲೂ ಅಷ್ಟೇ ಅಂತ ಗೊತ್ತಾದ ದಿನ ನನಗೆ ಭಾಳ ಖುಷಿಯಾಗಿತ್ತು.

ಸ್ಟಂಟ್‌ಗೆ ಒಂದೇ ಮಾತು. ಫ್ಲಿಪ್ ಗಾಳಿಯಲ್ಲಿ ಶುರುವಾಗುವುದಲ್ಲ, ತುದಿ ಬಿಡುವ ಹೊತ್ತಿಗೇ ಹಿಂದಕ್ಕೆ ವಾಲಿರಬೇಕು. 2006ರ ಎಕ್ಸ್ ಗೇಮ್ಸ್ ಅನ್ನುವ ಸಾಹಸ ಕ್ರೀಡಾಕೂಟದಲ್ಲಿ ಸವಾರ ಟ್ರಾವಿಸ್ ಪಾಸ್ಟ್ರಾನಾ ಎರಡು ಬ್ಯಾಕ್‌ಫ್ಲಿಪ್ ಒಟ್ಟಿಗೆ ಹಾಕಿದ್ದರ ವಿಡಿಯೋ ಸಿಗುತ್ತದೆ. ಅವನು ದಿಬ್ಬ ಬಿಡುವ ಕ್ಷಣ ನಿಲ್ಲಿಸಿ ನೋಡಿ, ಕತ್ತು ಆಗಲೇ ಹಿಂದೆ ಹೋಗಿರುತ್ತದೆ. ಸೂಪರ್‌ಮ್ಯಾನ್ ತರಹ ಕಾಲು ಚಾಚುವ ಸ್ಟಂಟ್‌ನಲ್ಲಿ ಬೈಕು ಇಳಿಯಲು ಶುರುವಾದ ಕೂಡಲೇ ಕೀಲಿ ಬಿಡಿ. ಕಾಲು ಸೀಟಿಗೆ ವಾಪಸ್ ಬರಲು ಸಮಯ ಬೇಕು.

ನಿಮ್ಮ ಲ್ಯಾಪ್‌ಟಾಪ್ ಇದ್ಯಾವುದನ್ನೂ ಎಳೆಯದಿದ್ದರೆ ಎಲಾಸ್ಟೋ ಮೇನಿಯಾ ಹಾಕಿಕೊಳ್ಳಿ. 2000ದ ಬೈಕ್ ಗೇಮ್, ಎಂಥ ಡಬ್ಬಾ ಯಂತ್ರದಲ್ಲೂ ಓಡುತ್ತದೆ. ಸೇಬು ಆರಿಸಿ ಹೂವು ಮುಟ್ಟಬೇಕು, ತಲೆ ನೆಲಕ್ಕೆ ತಾಗಿದರೆ ಸತ್ತಂತೆ. ನೋಡಲು ಮಕ್ಕಳ ಆಟ. ಗ್ಯಾಸ್ ಬಿಡುವುದನ್ನು ನನಗೆ ಕಲಿಸಿದ್ದು ಮಾತ್ರ ಅದೇ, ಟ್ಯಾಲಿ ಕ್ಲಾಸಿನ ಕೊನೆ ಸಾಲಿನಲ್ಲಿ, ಸೌಂಡ್ ಆಫ್ ಮಾಡಿಕೊಂಡು.