ಕೋವಿ ಪರವಾನಗಿ: ಬಿಗಿಯಾಗಬೇಕಾದದ್ದು ಎಲ್ಲಿ?

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರಾದ ನೀವು ಸಿಟ್ಟಿನಿಂದಲೇ ಬರೆದಿದ್ದೀರಿ. ‘ಹಂದಿ, ಮಂಗ ತೋಟಕ್ಕೆ ನುಗ್ಗಿದರೆ ಕೇಳುವವರಿಲ್ಲ. ಪರವಾನಗಿ ಕಾನೂನು ಇನ್ನೂ ಬಿಗಿಯಾಗಬೇಕೆಂದು ನಿಮ್ಮ ಪತ್ರಿಕೆ ಬರೆದದ್ದು ಯಾರನ್ನು ಮೆಚ್ಚಿಸಲು?’ ಎಂಬುದು ನಿಮ್ಮ ಪ್ರಶ್ನೆ.

ನಿಮ್ಮ ದೂರಿನಲ್ಲಿ ಅರ್ಧ ನಮಗೂ ಒಪ್ಪಿಗೆ. ಚುನಾವಣೆ ಬಂತೆಂದರೆ ಪೈರು ಕಾಯುವ ಕೇಪಿನ ಕೋವಿಯನ್ನೂ ಠಾಣೆಯಲ್ಲಿ ಠೇವಣಿ ಇಡಬೇಕು; ವಾಪಸು ಬರುವಾಗ ನಳಿಗೆಗೆ ತುಕ್ಕು. ಯಾವ ಮೊಕದ್ದಮೆಯೂ ಇಲ್ಲದ ರೈತನಿಗೆ ಈ ಅಲೆದಾಟ ಬೇಡವೇ ಬೇಡ.

ನಮ್ಮ ತಕರಾರು ಬೇರೆ ಕಡೆ ಇದೆ. ಶಸ್ತ್ರಾಸ್ತ್ರ ಕಾಯ್ದೆಗೆ ಬಂದ 2019ರ ತಿದ್ದುಪಡಿ, ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಾಗಿದ್ದುದನ್ನು ಎರಡಕ್ಕೆ ಇಳಿಸಿತು. ಮೊದಲು ಮಸೂದೆಯಲ್ಲಿ ಇದ್ದದ್ದು ಒಂದೇ. ಆಕ್ಷೇಪಗಳು ಬಂದು ಎರಡಾಯಿತು. ಚರ್ಚೆಯೆಲ್ಲ ಈ ಎಣಿಕೆಯಲ್ಲೇ ಮುಗಿದುಹೋಯಿತು. ಅದೇ ತಿದ್ದುಪಡಿ ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಹಿಗ್ಗಿಸಿದ್ದು ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ಎಪ್ಪತ್ತು ದಾಟಿದವರ ಕಣ್ಣು ಮಂಜಾಗುವುದು, ಮಗ ಕುಡಿತಕ್ಕೆ ಬೀಳುವುದು, ಅಣ್ಣತಮ್ಮಂದಿರ ಪಾಲಿನ ಜಗಳ ಕೈ ಮಿಲಾಯಿಸುವವರೆಗೆ ಹೋಗುವುದು, ಇದಕ್ಕೆಲ್ಲ ಐದು ವರ್ಷ ಬೇಕೆ? 2016ರ ನಿಯಮಗಳು ವೈದ್ಯರ ಪ್ರಮಾಣಪತ್ರ ಕೇಳುತ್ತವೆ, ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆಯನ್ನೂ ಬರೆಸಿಕೊಳ್ಳುತ್ತವೆ. ಆಮೇಲೆ ಆ ಕೋವಿ ಬೀಗ ಹಾಕಿದ ಬೀರುವಿನಲ್ಲಿದೆಯೋ, ಜಗಲಿಯ ಗೂಟದಲ್ಲಿ ನೇತಾಡುತ್ತಿದೆಯೋ, ಮಕ್ಕಳ ಕೈಗೆಟಕುವ ಗೂಡಿನಲ್ಲಿ ತೋಟಾ ಬಿದ್ದಿದೆಯೋ ನೋಡುವವರು ಯಾರು? ವರ್ಷಕ್ಕೊಮ್ಮೆ ಮನೆಗೆ ಬಂದು ನೋಡಲಿ ಎಂದಷ್ಟೇ ನಾವು ಬರೆದದ್ದು.

ಕೋವಿಗೆ ಪರವಾನಗಿ ಬೇಡವೆಂದು ಕೊಡಗಿನವರಿಗೆ ಇರುವ ವಿನಾಯಿತಿ ಮಲೆನಾಡಿಗೇಕಿಲ್ಲ ಎಂದೂ ಕೇಳಿದ್ದೀರಿ. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಅದು ಬ್ರಿಟಿಷರ ಕಾಲದಿಂದ ಬಂದದ್ದು. 2029ರವರೆಗೆ ಮುಂದುವರಿದಿದೆ, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ. ಕೈಲ್‌ಪೊಳ್ದ್ ಎಂಬ ಆಯುಧ ಪೂಜೆಯ ಹಬ್ಬದ ದಿನ ನಳಿಗೆಗೆ ತೋಕ್‌ಪೂ ಎಂಬ ಹೂವನ್ನು ಸಿಕ್ಕಿಸಿ ಕೋವಿಗೆ ಕೈಮುಗಿಯುವ ಮನೆಗಳ ವಿಚಾರ ಅದು. ಹಂದಿ ಕಾಟಕ್ಕೆ ಪರಿಹಾರವಾಗಿ ಅದನ್ನು ಎರವಲು ತರಲು ಬರುವುದಿಲ್ಲ.

ಪತ್ರದ ಕೊನೆಯ ಸಾಲು ಮಾತ್ರ ನಮ್ಮನ್ನು ಗಾಬರಿಗೊಳಿಸಿತು: ತೀರಿಕೊಂಡ ತಂದೆಯವರ ಹೆಸರಿನ ಜೋಡುನಳಿಗೆ ಕೋವಿ ಇನ್ನೂ ಮನೆಯಲ್ಲೇ ಇದೆಯಂತೆ. ಸ್ವಾಮಿ, ಅವರ ಪರವಾನಗಿ ನಿಮಗೆ ನಡೆಯುವುದಿಲ್ಲ. ಪರವಾನಗಿಯಿಲ್ಲದ ಕೋವಿಗೆ ಈಗ ಕನಿಷ್ಠ 2, ಗರಿಷ್ಠ 5 ವರ್ಷ ಜೈಲು. ತಡಮಾಡದೆ ಅದನ್ನು ಠಾಣೆಯಲ್ಲೋ ಅಧಿಕೃತ ಬಂದೂಕು ವ್ಯಾಪಾರಿಯ ಬಳಿಯೋ ಠೇವಣಿ ಇಟ್ಟು, ರಸೀದಿ ಪಡೆದು, ನಿಮ್ಮ ಹೆಸರಿಗೆ ಪರವಾನಗಿ ಕೋರಿ ಅರ್ಜಿ ಹಾಕಿ.